ಡ್ಯೂಟಿ ಮತ್ತು ಪಿಎಚ್‌ಡಿ: ಎರಡು ಕೆಲಸ ಮಾಡಬೇಡಿ, ಒಂದೇ ಮಾಡಿಕೊಳ್ಳಿ

ನರ್ಸಿಂಗ್‌ನಲ್ಲಿ ಡಾಕ್ಟರೇಟ್‌ಗೆ ಸೇರಿದವರು ಮೊದಲ ವರ್ಷ ಮುಗಿಯುವುದರೊಳಗೆ ಒಂದಲ್ಲ ಒಂದು ರಾತ್ರಿ ಈ ಪ್ರಶ್ನೆ ಕೇಳಿಕೊಳ್ಳುತ್ತಾರೆ. ಡ್ಯೂಟಿ ಬಿಡಲಾ, ಓದು ಬಿಡಲಾ? ನಾನೂ ಕೇಳಿಕೊಂಡಿದ್ದೆ. ಎಂಟು ಗಂಟೆ ವಾರ್ಡ್‌ನಲ್ಲಿ ನಿಂತು ಬಂದು, ಹ್ಯಾಂಡೋವರ್‌ನಲ್ಲಿ, ಅಂದರೆ ಮುಂದಿನ ಶಿಫ್ಟ್‌ನವರಿಗೆ ರೋಗಿಗಳ ವಿವರ ಒಪ್ಪಿಸುವಾಗ, ಹೇಳಲು ಮರೆತದ್ದೇನು ಅಂತ ಯೋಚಿಸುತ್ತಾ ಲ್ಯಾಪ್‌ಟಾಪ್ ಮುಂದೆ ಕೂತರೆ ಒಂದು ಸಾಲೂ ಓದಲು ಆಗುತ್ತಿರಲಿಲ್ಲ.

ಆಮೇಲೆ ಅರ್ಥವಾಯಿತು, ಕಷ್ಟ ಸಮಯದ್ದಲ್ಲ. ವಾರ್ಡ್‌ಗೂ ನನ್ನ ಸಂಶೋಧನೆಯ ವಿಷಯಕ್ಕೂ ಸಂಬಂಧವೇ ಇರಲಿಲ್ಲ. ಎರಡು ಬೇರೆ ಬೇರೆ ಕೆಲಸ ಹೊತ್ತುಕೊಂಡಿದ್ದೆ. ವಿಷಯ ಬದಲಿಸಿದ ಮೇಲೆ, ವಾರ್ಡ್‌ನಲ್ಲಿ ಹೇಗೂ ನೋಡುವುದನ್ನೇ ಸರಿಯಾಗಿ ನೋಡಿ, ಹೇಗೂ ಬರೆಯುವುದನ್ನೇ ಸರಿಯಾಗಿ ಬರೆದು, ಅದನ್ನೇ ಥೀಸಿಸ್ ಮಾಡಿಕೊಳ್ಳಲು ಆಯಿತು. ಈ ಬರಹ ಪೂರ್ತಿ ಅದರ ಬಗ್ಗೆ. ಜೊತೆಗೆ ಇನ್ನೊಂದು ಮಾತೂ ಇದೆ. ಎರಡನ್ನೂ ಸೇರಿಸಿ ಅಂತ ಹೇಳುತ್ತಲೇ, ಒಂದು ಜಾಗದಲ್ಲಿ ಮಾತ್ರ ಖಂಡಿತ ಸೇರಿಸಬೇಡಿ ಅಂತಲೂ ಹೇಳುತ್ತೇನೆ. ಅದು ರೋಗಿಯ ಒಪ್ಪಿಗೆ ಪಡೆಯುವ ಜಾಗ. ಅಲ್ಲಿಗೆ ಆಮೇಲೆ ಬರೋಣ.

ನಿಮ್ಮ ಪದವಿ ಯಾವ ಬಗೆಯದು?

ಇದು ಚಿಕ್ಕ ವಿಷಯ, ಆದರೆ ತಪ್ಪಿದರೆ ಎರಡು ವರ್ಷ ಹಾಳು. ಪಿಎಚ್‌ಡಿ ಅಂದರೆ ಇದುವರೆಗೆ ಗೊತ್ತಿಲ್ಲದ ಏನನ್ನಾದರೂ ಕಂಡುಹಿಡಿದು ತೋರಿಸಬೇಕು. ಡಿಎನ್‌ಪಿ, ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್, ಬೇರೆ ಥರದ್ದು. ಆಗಲೇ ಸಾಬೀತಾಗಿರುವುದನ್ನು ವಾರ್ಡ್‌ಗೆ ತಂದು, ಅದು ಅಲ್ಲಿ ಬೇರೂರುವ ಹಾಗೆ ಮಾಡುವುದು ಅದರ ಗುರಿ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಇದು 2001ರಲ್ಲಿ ಶುರುವಾಯಿತು. ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಇದಕ್ಕೆ ಬೆಂಬಲ ಕೊಟ್ಟಿತು. 2006ರಲ್ಲಿ ಅದೇ ಸಂಘ ಹೊರತಂದ ಮಾನದಂಡದಲ್ಲಿ ಬ್ಯಾಚುಲರ್ ಪದವಿಯ ನಂತರ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ಪ್ರಾಕ್ಟೀಸ್ ಮಾಡಿರಬೇಕು ಅಂತಿತ್ತು.

ಪಿಎಚ್‌ಡಿಯಲ್ಲಿದ್ದು "ನಮ್ಮ ವಾರ್ಡ್‌ನಲ್ಲಿ ಕೈ ತೊಳೆಯುವುದನ್ನು ಹೆಚ್ಚಿಸಿದೆವು" ಅಂತ ಬರೆದರೆ, ಇದರಲ್ಲಿ ಹೊಸದೇನು ಅಂತ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಡಿಎನ್‌ಪಿಯಲ್ಲಿದ್ದು ದೊಡ್ಡ ಟ್ರಯಲ್‌ಗೆ, ಅಂದರೆ ರೋಗಿಗಳನ್ನು ಗುಂಪು ಮಾಡಿ ಹೋಲಿಸುವ ಪ್ರಯೋಗಕ್ಕೆ, ಕೈ ಹಾಕಿದರೆ ಅದು ಮುಗಿಯುವುದೇ ಇಲ್ಲ. ಕೊನೆಗೆ ಯಾವ ಮಾದರಿಯಲ್ಲಿ ವರದಿ ಬರೆಯಬೇಕು ಅನ್ನುವುದನ್ನು ಮೊದಲ ತಿಂಗಳಲ್ಲೇ ತೆರೆದು ನೋಡಿ. ಇದಕ್ಕೆ ಸಿದ್ಧ ಮಾರ್ಗಸೂಚಿಗಳಿವೆ: ವಾರ್ಡ್‌ನ ಗುಣಮಟ್ಟ ಸುಧಾರಿಸುವ ಕೆಲಸಕ್ಕೆ ಸ್ಕ್ವೈರ್, ಟ್ರಯಲ್‌ಗೆ ಕನ್ಸಾರ್ಟ್, ಸಂದರ್ಶನ ಮಾಡಿ ಬರೆಯುವುದಕ್ಕೆ 32 ಅಂಶಗಳ ಕೋರೆಕ್ ಪಟ್ಟಿ. ಕೊನೆಯಲ್ಲಿ ಏನೇನು ಬರೆಯಬೇಕು ಅಂತ ಗೊತ್ತಿದ್ದರೆ ಮೊದಲಿಂದಲೇ ಅದನ್ನು ದಾಖಲಿಸಿಕೊಳ್ಳುತ್ತೀರಿ.

ಪ್ರಶ್ನೆ ಶಿಫ್ಟ್‌ನಲ್ಲಿ ಸಿಗುತ್ತದೆ

ಒಂದು ಉದಾಹರಣೆ ಹೇಳುತ್ತೇನೆ. ಡ್ರಿಪ್ ಕೊಡಲು ಕೈಯ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ, ಅಂದರೆ ಐವಿ ಕ್ಯಾನುಲಾವನ್ನು ಮೂರು ದಿನಕ್ಕೊಮ್ಮೆ ಬದಲಿಸಬೇಕು ಅಂತ ನಾವೆಲ್ಲ ಕಲಿತಿದ್ದೆವು. ನೋವಿಲ್ಲ, ಕೆಂಪಾಗಿಲ್ಲ, ಡ್ರಿಪ್ ಚೆನ್ನಾಗಿ ಹೋಗುತ್ತಿದೆ, ಆದರೂ ತೆಗೆದು ಇನ್ನೊಂದು ಕಡೆ ಚುಚ್ಚಬೇಕು. ಆ ಹೊತ್ತಿಗೆ ರೋಗಿಯ ಮುಖ ನೋಡಿದ ಪ್ರತಿ ನರ್ಸ್‌ಗೂ "ಇದು ನಿಜವಾಗಲೂ ಬೇಕಾ?" ಅಂತ ಅನಿಸಿರುತ್ತದೆ, ಅಲ್ವಾ? ಆಸ್ಟ್ರೇಲಿಯಾದ ನರ್ಸಿಂಗ್ ಸಂಶೋಧಕಿ ಕ್ಲೇರ್ ರಿಕರ್ಡ್ ಮತ್ತು ಅವರ ತಂಡ ಇದನ್ನೇ ಪರೀಕ್ಷೆಗೆ ಒಡ್ಡಿದರು. ಕ್ವೀನ್ಸ್‌ಲ್ಯಾಂಡ್‌ನ ಮೂರು ಆಸ್ಪತ್ರೆಗಳಲ್ಲಿ 3,283 ರೋಗಿಗಳು. ಒಂದು ಗುಂಪಿಗೆ ಮೂರನೇ ದಿನ ಬದಲಾವಣೆ, ಇನ್ನೊಂದು ಗುಂಪಿಗೆ ತೊಂದರೆ ಕಂಡಾಗ ಮಾತ್ರ. 2012ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಜರ್ನಲ್‌ನಲ್ಲಿ ಫಲಿತಾಂಶ ಬಂತು. ರಕ್ತನಾಳದ ಉರಿಯೂತ, ಅಂದರೆ ಫ್ಲೆಬೈಟಿಸ್, ಎರಡೂ ಗುಂಪಿನಲ್ಲಿ 7 ಶೇಕಡಾ. ವ್ಯತ್ಯಾಸವೇ ಇರಲಿಲ್ಲ.

ಇದರಲ್ಲಿ ವಿಶೇಷ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ. ದಿನವೂ ಮಾಡುವ ಕೆಲಸದ ಬಗ್ಗೆ ಒಂದು ಅನುಮಾನ, ಅಷ್ಟೇ. ಅಂಥ ಅನುಮಾನಗಳು ನಿಮಗೂ ಬರುತ್ತವೆ. ಶಿಫ್ಟ್ ಮುಗಿಯುವ ಹೊತ್ತಿಗೆ ಮರೆತುಹೋಗುತ್ತವೆ, ಅದೇ ಸಮಸ್ಯೆ.

ಹಾಗಾಗಿ ಜೇಬಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ರೋಗಿಯ ಹೆಸರು, ಬೆಡ್ ನಂಬರ್, ಆಸ್ಪತ್ರೆ ನಂಬರ್ ಯಾವುದನ್ನೂ ಅದರಲ್ಲಿ ಬರೆಯಬೇಡಿ. "ರಾತ್ರಿ ಎರಡಕ್ಕೆ ಬಿಪಿ ನೋಡಲು ಎಬ್ಬಿಸಿದೆವು, ಯಾಕೆ?" ಇಷ್ಟು ಸಾಕು. ಎರಡು ತಿಂಗಳು ಹೀಗೆ ಬರೆದು ಆಮೇಲೆ ಓದಿ ನೋಡಿದರೆ ಯಾವುದು ಮತ್ತೆ ಮತ್ತೆ ಬಂದಿದೆ ಅಂತ ಗೊತ್ತಾಗುತ್ತದೆ. ಮತ್ತೆ ಮತ್ತೆ ಬಂದದ್ದೇ ನಿಮ್ಮ ವಿಷಯ. ನಾಲ್ಕು ವರ್ಷ ಅದರ ಜೊತೆ ಇರಬೇಕಲ್ಲ, ಅದು ನಿಮ್ಮನ್ನು ನಿಜವಾಗಿ ಕಾಡುವಂಥದ್ದಾಗಿರಲಿ.

ಆಮೇಲೆ ಅದನ್ನು ಪೈಕೋ ಅಚ್ಚಿಗೆ ಹಾಕಿ: ಯಾವ ರೋಗಿಗಳು, ಏನು ಮಾಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಯಾವ ಫಲಿತಾಂಶ ನೋಡುತ್ತೇವೆ. ನಾಲ್ಕರಲ್ಲಿ ಯಾವುದಾದರೂ ಒಂದಕ್ಕೆ ಸರಿಯಾದ ಉತ್ತರ ಬರದಿದ್ದರೆ ಪ್ರಶ್ನೆ ಇನ್ನೂ ಹಣ್ಣಾಗಿಲ್ಲ ಅಂತ ಅರ್ಥ. ಲೈಬ್ರರಿಯಲ್ಲಿ ಹುಡುಕುವುದು ಇದರ ನಂತರ. ಹುಡುಕಿದಾಗ ಉತ್ತರ ಆಗಲೇ ಗಟ್ಟಿಯಾಗಿ ಇದೆ ಅಂತ ಗೊತ್ತಾದರೆ ಬೇಜಾರಾಗಬೇಡಿ. ಅದು ಪಿಎಚ್‌ಡಿ ವಿಷಯವಲ್ಲ, ಆದರೆ ಒಳ್ಳೆಯ ಡಿಎನ್‌ಪಿ ವಿಷಯ.

ಪ್ರಶ್ನೆಗೆ ಹೊಸದಾಗಿ ಡೇಟಾ ಸಂಗ್ರಹಿಸಲೇಬೇಕು ಅಂತಲೂ ಇಲ್ಲ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ 10,184 ನರ್ಸ್‌ಗಳಿಂದ ಪ್ರಶ್ನಾವಳಿ ತುಂಬಿಸಿ, ಅದನ್ನು ಆಸ್ಪತ್ರೆಗಳು ಆಗಲೇ ದಾಖಲಿಸಿದ್ದ ಶಸ್ತ್ರಚಿಕಿತ್ಸೆ ರೋಗಿಗಳ ಮಾಹಿತಿಯ ಜೊತೆ ಇಟ್ಟು ನೋಡಿದರು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದರೆ 30 ದಿನದೊಳಗೆ ಸಾಯುವ ಸಂಭವ 7 ಶೇಕಡಾ ಹೆಚ್ಚು ಅಂತ ಕಂಡಿತು. ರೋಗಿಗಳ ಆ ಮಾಹಿತಿ ಮೊದಲಿಂದಲೂ ಅಲ್ಲೇ ಇತ್ತು. ನಿಮ್ಮ ವಾರ್ಡ್‌ನ ರಿಜಿಸ್ಟರ್‌ಗಳಲ್ಲೂ ಹಾಗೆ ಕಾಯುತ್ತಿರುವುದು ಏನಾದರೂ ಇರಬಹುದು, ಮೊದಲು ಅದನ್ನು ನೋಡಿ.

ಸಿನಾಪ್ಸಿಸ್‌ಗೆ ಮೊದಲು ಒಂದು ಲೆಕ್ಕ

ಸಿನಾಪ್ಸಿಸ್ ಅಂದರೆ ಸಂಶೋಧನೆ ಶುರುಮಾಡುವ ಮೊದಲು ಕೊಡುವ ಯೋಜನೆಯ ಸಾರಾಂಶ. ಈ ಲೆಕ್ಕ ಮಾಡದೆ ಅದನ್ನು ಕೊಟ್ಟು ಸಿಕ್ಕಿಹಾಕಿಕೊಂಡವರನ್ನು ನಾನು ತುಂಬಾ ಜನ ನೋಡಿದ್ದೇನೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ತೊಂದರೆ ಈಗ ನೂರರಲ್ಲಿ 30 ರೋಗಿಗಳಿಗೆ ಆಗುತ್ತಿದೆ, ನಿಮ್ಮ ಹೊಸ ಕ್ರಮದಿಂದ ಅದು 20ಕ್ಕೆ ಇಳಿಯುತ್ತದೆ ಅಂತ ನಿಮ್ಮ ನಂಬಿಕೆ ಅಂದುಕೊಳ್ಳಿ. ಇದನ್ನು ತೋರಿಸಲು 80 ಶೇಕಡಾ ಪವರ್ (ನಿಜವಾದ ವ್ಯತ್ಯಾಸ ಇದ್ದರೆ ಅದು ಕಣ್ಣಿಗೆ ಬೀಳುವ ಸಂಭವ), 5 ಶೇಕಡಾ ಸಿಗ್ನಿಫಿಕೆನ್ಸ್ (ಇಲ್ಲದ ವ್ಯತ್ಯಾಸ ಇದೆ ಅಂತ ಕಾಣುವ ಸಂಭವ) ಇಟ್ಟುಕೊಂಡರೆ ಒಂದೊಂದು ಗುಂಪಿಗೂ ಸುಮಾರು 290 ಜನ ಬೇಕು. ಎರಡು ಗುಂಪಿಗೆ 580. ಈಗ ನಿಮ್ಮ ವಾರ್ಡ್‌ಗೆ ಬನ್ನಿ. ನಿಮ್ಮ ಅಧ್ಯಯನಕ್ಕೆ ಹೊಂದುವ ರೋಗಿಗಳು ವಾರಕ್ಕೆ ಎಷ್ಟು ಜನ ಬರುತ್ತಾರೆ? ನಾಲ್ಕು ಜನ ಅಂದರೆ 145 ವಾರ ಬೇಕು. ಅಂದರೆ ಹತ್ತಿರ ಹತ್ತಿರ ಮೂರು ವರ್ಷ, ಅದೂ ಎಲ್ಲರೂ ಒಪ್ಪಿದರೆ, ಯಾರೂ ನಡುವೆ ಬಿಟ್ಟುಹೋಗದಿದ್ದರೆ. ವಾರಕ್ಕೆ ಹತ್ತು ಜನ ಬಂದರೆ 58 ವಾರ. ಇದು ಆಗುವ ಮಾತು.

ಒಪ್ಪದವರು, ಬೇಗ ಡಿಸ್ಚಾರ್ಜ್ ಆದವರು, ಬೇರೆ ವಾರ್ಡ್‌ಗೆ ಹೋದವರು ಎಲ್ಲ ಸೇರಿ ಸಂಖ್ಯೆ ಯಾವಾಗಲೂ ಕಮ್ಮಿಯೇ ಆಗುತ್ತದೆ. ಅಡ್ಮಿಷನ್ ರಿಜಿಸ್ಟರ್ ತೆಗೆದು ಹಿಂದಿನ ಮೂರು ತಿಂಗಳನ್ನು ನಿಜವಾಗಿ ಎಣಿಸಿ, ಅಂದಾಜು ಬೇಡ. ಲೆಕ್ಕ ಕೂಡದಿದ್ದರೆ ಇನ್ನೊಂದು ವಾರ್ಡ್ ಸೇರಿಸಿ, ಅಥವಾ ಹೌದು-ಇಲ್ಲ ಅನ್ನುವ ಫಲಿತಾಂಶದ ಬದಲು ಅಂಕಗಳಲ್ಲಿ ಅಳೆಯುವ ಫಲಿತಾಂಶ ಆರಿಸಿ, ಅಥವಾ ಪ್ರಶ್ನೆಯನ್ನೇ ಬದಲಿಸಿ. ಇದಕ್ಕೆ ಸಂಖ್ಯಾಶಾಸ್ತ್ರ ಗೊತ್ತಿರುವವರ ಹತ್ತಿರ ಡೇಟಾ ತೆಗೆಯುವ ಮೊದಲು ಹೋಗಿ. ಎಲ್ಲ ಮುಗಿದ ಮೇಲೆ ಹೋದರೆ ಅವರು ಮಾಡುವಂಥದ್ದು ಜಾಸ್ತಿ ಏನೂ ಉಳಿದಿರುವುದಿಲ್ಲ.

ಇನ್ನೊಂದು ತೊಡಕು ನರ್ಸಿಂಗ್‌ಗೇ ಸೇರಿದ್ದು. ಒಂದೇ ವಾರ್ಡ್‌ನಲ್ಲಿ ಅರ್ಧ ರೋಗಿಗಳಿಗೆ ಹೊಸ ಕ್ರಮ, ಅರ್ಧ ಜನಕ್ಕೆ ಹಳೆಯದು ಅಂತ ಮಾಡಿದರೆ ಅದು ಉಳಿಯುವುದಿಲ್ಲ. ಹೊಸದು ಒಳ್ಳೆಯದು ಅಂತ ಅನಿಸಿದ ತಕ್ಷಣ ಸಿಸ್ಟರ್‌ಗಳು ಎಲ್ಲರಿಗೂ ಅದನ್ನೇ ಮಾಡುತ್ತಾರೆ. ಅದು ಅವರ ತಪ್ಪಲ್ಲ, ಒಳ್ಳೆಯ ನರ್ಸ್ ಹಾಗೇ ಮಾಡಬೇಕು. ಮಾತ್ರೆಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡಬಹುದು, ಕೈಯ ಅಭ್ಯಾಸವನ್ನು ಹಾಗೆ ಬೇರೆ ಇಡಲು ಆಗುವುದಿಲ್ಲ. ಅದಕ್ಕೇ ಇಡೀ ವಾರ್ಡ್‌ಗಳನ್ನೇ ಗುಂಪು ಮಾಡುವ ಕ್ಲಸ್ಟರ್ ವಿನ್ಯಾಸ, ಇಲ್ಲವೇ ಒಂದೊಂದೇ ವಾರ್ಡ್‌ಗೆ ಸರದಿಯಲ್ಲಿ ಹೊಸ ಕ್ರಮ ತರುವ ವಿನ್ಯಾಸ, ಇಲ್ಲವೇ ಮೊದಲು ಮತ್ತು ಆಮೇಲೆ ಹಲವು ತಿಂಗಳು ಅಳೆಯುವ ವಿನ್ಯಾಸ ನೋಡಿ. ಕ್ಲಸ್ಟರ್ ಆದರೆ ಬೇಕಾಗುವ ಜನ ಇನ್ನೂ ಹೆಚ್ಚು, ಅದನ್ನು ನೆನಪಿಡಿ.

ಫಾರಂ ಎಷ್ಟು ಉದ್ದ?

ನನ್ನ ಮೊದಲ ಡೇಟಾ ಫಾರಂನಲ್ಲಿ 40ಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಎಲ್ಲವೂ ಬೇಕೇ ಬೇಕು ಅಂತ ಅನಿಸಿತ್ತು. ಎರಡು ವಾರದ ಪೈಲಟ್‌ನಲ್ಲಿ, ಅಂದರೆ ಮೊದಲ ಸಣ್ಣ ಪರೀಕ್ಷೆಯಲ್ಲಿ, ಪೂರ್ತಿ ತುಂಬಿದ ಫಾರಂಗಳು ಬೆರಳೆಣಿಕೆ. ಅದರಲ್ಲೂ ಕೊನೆಯ ಪುಟವನ್ನು ಶಿಫ್ಟ್ ಮುಗಿದ ಮೇಲೆ ನೆನಪಿನಿಂದ ಬರೆದದ್ದು ಎದ್ದು ಕಾಣುತ್ತಿತ್ತು. ಅಂಥ ಡೇಟಾ ಇಟ್ಟುಕೊಂಡು ಏನು ಹೇಳಿದರೂ ಅದು ರೋಗಿಗಳಿಗೆ ಮಾಡುವ ಅನ್ಯಾಯ. ಎಲ್ಲ ಕಿತ್ತು ಹಾಕಿ ಒಂಬತ್ತು ಪ್ರಶ್ನೆಗೆ ಇಳಿಸಿದೆ. ಪ್ರತಿ ಪ್ರಶ್ನೆಯ ಮುಂದೆಯೂ "ಈ ಉತ್ತರ ಥೀಸಿಸ್‌ನ ಯಾವ ಟೇಬಲ್‌ಗೆ ಹೋಗುತ್ತದೆ?" ಅಂತ ಕೇಳಿಕೊಂಡೆ. ಟೇಬಲ್ ಇಲ್ಲದಿದ್ದರೆ ಪ್ರಶ್ನೆಯೂ ಬೇಡ.

ಆಗಲೇ ವಾರ್ಡ್‌ನಲ್ಲಿ ಬಳಕೆಯಲ್ಲಿರುವ ಅಳತೆಯನ್ನೇ ಆದಷ್ಟು ಬಳಸಿ. ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಆಗುವ ಹುಣ್ಣಿನ ವಿಷಯವಾದರೆ ಬ್ರೇಡನ್ ಸ್ಕೇಲ್ ಇದೆ. 1987ರಲ್ಲಿ ಪ್ರಕಟವಾದದ್ದು, ಆರು ಭಾಗ, 6ರಿಂದ 23 ಅಂಕ, ಅಂಕ ಕಮ್ಮಿಯಾದಷ್ಟೂ ಅಪಾಯ ಜಾಸ್ತಿ. ಕ್ಯಾನುಲಾ ವಿಷಯವಾದರೆ, ಆ ಜಾಗ ನೋಡಿ ಉರಿಯೂತ ಅಳೆಯುವ ವಿಐಪಿ ಸ್ಕೋರ್, 0ರಿಂದ 5. ಇವನ್ನು ಚಾರ್ಟ್‌ನಲ್ಲಿ ಹೇಗೂ ಬರೆಯುತ್ತಿದ್ದರೆ ಸಂಶೋಧನೆಗೆ ಅಂತ ಬೇರೆ ಹೊರೆ ಯಾರ ಮೇಲೂ ಬೀಳುವುದಿಲ್ಲ. ಸ್ವಂತ ಸ್ಕೇಲ್ ತಯಾರಿಸುವ ಆಸೆ ಎಲ್ಲರಿಗೂ ಬರುತ್ತದೆ, ನನ್ನ ಮಾತು ಕೇಳಿ, ಅದೇ ನಿಮ್ಮ ಥೀಸಿಸ್‌ನ ವಿಷಯವಾಗಿದ್ದರೆ ಹೊರತು ಬೇಡ.

ಆದರೆ ಚಾರ್ಟ್‌ನಲ್ಲಿದೆ ಅಂದ ಮಾತ್ರಕ್ಕೆ ಸರಿ ಅಂತಲ್ಲ. ಇಬ್ಬರು ಸಿಸ್ಟರ್‌ಗಳು ಒಬ್ಬರನ್ನೊಬ್ಬರು ಕೇಳದೆ ಅದೇ ಕೈಯನ್ನು ನೋಡಿ ಅಂಕ ಕೊಡಲಿ. 30 ರೋಗಿಗಳಲ್ಲಿ ಹೀಗೆ ಮಾಡಿ, ಇಬ್ಬರ ಅಂಕ ಎಷ್ಟು ಹೊಂದುತ್ತದೆ ಅಂತ ತೋರಿಸುವ ಕಪ್ಪಾ ಲೆಕ್ಕ ಹಾಕಿ. ಒಬ್ಬರಿಗೆ 1 ಅನಿಸಿದ್ದು ಇನ್ನೊಬ್ಬರಿಗೆ 3 ಅನಿಸುತ್ತಿದ್ದರೆ ಮೊದಲು ಎಲ್ಲರೂ ಕೂತು ಫೋಟೋ ನೋಡಿ ಒಂದು ಅಭಿಪ್ರಾಯಕ್ಕೆ ಬನ್ನಿ. ಇದು ಡೇಟಾಗೂ ಒಳ್ಳೆಯದು, ರೋಗಿಗೂ ಒಳ್ಳೆಯದು. ಸಂಶೋಧನೆ ಮತ್ತು ಆರೈಕೆ ನಿಜಕ್ಕೂ ಒಂದಾಗುವುದು ಇಂಥ ಕಡೆ.

ಇಲ್ಲಿ ಮಾತ್ರ ಬೇರೆ ಬೇರೆ

ಒಬ್ಬ ವಯಸ್ಸಾದ ರೋಗಿಗೆ ನಾನೇ ಕನ್ಸೆಂಟ್ ಫಾರಂ ಓದಿ ಹೇಳಿದ್ದೆ. ಬೆಳಗ್ಗೆ ಅವರ ಡ್ರೆಸ್ಸಿಂಗ್ ಮಾಡಿದ್ದೂ ನಾನೇ. ಅವರು ಪೂರ್ತಿ ಕೇಳಲೂ ಇಲ್ಲ. "ಸಿಸ್ಟರ್, ನೀವು ಕೇಳಿದ್ಮೇಲೆ ಇಲ್ಲ ಅಂತೀನಾ?" ಅಂದು ಪೆನ್ನಿಗೆ ಕೈ ಚಾಚಿದರು. ಕಾಗದದ ಮೇಲೆ ಎಲ್ಲ ಸರಿ ಇತ್ತು. ಆದರೆ ಅವರು ಅಧ್ಯಯನಕ್ಕೆ ಒಪ್ಪಿರಲಿಲ್ಲ, ನನಗೆ ಒಪ್ಪಿದ್ದರು. ನಾಳೆಯ ಡ್ರೆಸ್ಸಿಂಗ್ ಮಾಡುವವಳೂ ನಾನೇ ಅಂತ ಅವರಿಗೆ ಗೊತ್ತಿತ್ತು. ಆ ಸಹಿಯನ್ನು ನಾನು ಬಳಸಲಿಲ್ಲ.

ಈ ತೊಂದರೆ ಹೊಸದಲ್ಲ. 1964ರಲ್ಲಿ ಮೊದಲು ಬಂದು ಆಮೇಲೆ ಹಲವು ಸಲ ತಿದ್ದುಪಡಿಯಾದ, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯಲ್ಲಿ ಇದರ ಬಗ್ಗೆ ಸ್ಪಷ್ಟವಾಗಿದೆ: ರೋಗಿ ಸಂಶೋಧಕರ ಮೇಲೆ ಅವಲಂಬಿತರಾಗಿದ್ದರೆ, ಆ ಸಂಬಂಧಕ್ಕೆ ಹೊರಗಿನ ಅರ್ಹ ವ್ಯಕ್ತಿಯೊಬ್ಬರು ಒಪ್ಪಿಗೆ ಕೇಳಬೇಕು. ಜೊತೆಗೆ ಇನ್ನೊಂದು ಸಂಗತಿ. ನರ್ಸ್ ಏನು ಮಾಡಿದರೂ ತನ್ನ ಒಳ್ಳೆಯದಕ್ಕೇ ಅಂತ ರೋಗಿ ನಂಬಿರುತ್ತಾರೆ. ಸಂಶೋಧನೆ ಮುಂದಿನ ರೋಗಿಗಳಿಗಾಗಿಯೂ ಇರಬಹುದು, ತನಗೆ ಅದರಿಂದ ಏನೂ ಸಿಗದೇ ಇರಬಹುದು ಅನ್ನುವುದು ಅವರ ಮನಸ್ಸಿಗೆ ಬರುವುದೇ ಇಲ್ಲ. ಸಮವಸ್ತ್ರ ಹಾಕಿಕೊಂಡು ಎಷ್ಟು ಬಿಡಿಸಿ ಹೇಳಿದರೂ ಬರುವುದಿಲ್ಲ.

ಹಾಗಾಗಿ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಕೊಡುವ ಪ್ರೋಟೋಕಾಲ್‌ನಲ್ಲೇ, ಅಂದರೆ ಅಧ್ಯಯನದ ಯೋಜನೆಯಲ್ಲೇ, ಬರೆಯಿರಿ: ನಾನು ಆರೈಕೆ ಮಾಡುವ ರೋಗಿಗಳ ಒಪ್ಪಿಗೆಯನ್ನು ನಾನು ಕೇಳುವುದಿಲ್ಲ. ಬೇರೆ ವಿಭಾಗದ ಸಹೋದ್ಯೋಗಿಗೆ ತರಬೇತಿ ಕೊಟ್ಟು ಅವರಿಂದ ಕೇಳಿಸಿ. ಅವರ ಸಂಶೋಧನೆಗೆ ನೀವು ಅದೇ ಸಹಾಯ ಮಾಡಬಹುದು. ರೋಗಿಗೆ ಯೋಚಿಸಲು ಸಾಧ್ಯವಾದರೆ ಒಂದು ರಾತ್ರಿ ಸಮಯ ಕೊಡಿ. ಇಲ್ಲ ಅಂದವರು ಯಾರು ಅಂತ ನಿಮಗೆ ಗೊತ್ತಾಗದ ಹಾಗೆ ವ್ಯವಸ್ಥೆ ಮಾಡಲು ಆದರೆ ಇನ್ನೂ ಒಳ್ಳೆಯದು.

ನೀವು ಇನ್‌ಚಾರ್ಜ್ ಆಗಿದ್ದು ನಿಮ್ಮ ಕೈಕೆಳಗಿನ ಸಿಸ್ಟರ್‌ಗಳನ್ನೇ ಸಂದರ್ಶನ ಮಾಡುವುದಾದರೆ ಇದೇ ಮಾತು ಅಲ್ಲಿಗೂ ಅನ್ವಯಿಸುತ್ತದೆ. ಡ್ಯೂಟಿ ಪಟ್ಟಿ ಬರೆಯುವವರಿಗೆ ಯಾರು ಇಲ್ಲ ಅಂತಾರೆ? ಸಂದರ್ಶನವನ್ನು ಬೇರೆಯವರಿಂದ ಮಾಡಿಸಿ, ಹೆಸರು ತೆಗೆದ ಬರಹವನ್ನು ಮಾತ್ರ ನೀವು ಓದಿ.

ಇದಕ್ಕೆ ಸೇರಿದ ಇನ್ನೊಂದು ಸಂದರ್ಭ. ಡೇಟಾ ತೆಗೆದುಕೊಳ್ಳಲು ಹೋಗಿದ್ದೀರಿ, ಡ್ಯೂಟಿಯಲ್ಲಿಲ್ಲ. ಕ್ಯಾನುಲಾ ಜಾಗ ನೋಡಿದರೆ ವಿಐಪಿ ಸ್ಕೋರ್ 2 ಇದೆ. ಬರೆದುಕೊಂಡು ಬರುವುದಾ? ಖಂಡಿತ ಇಲ್ಲ. 2 ಅಂದರೆ ಉರಿಯೂತ ಶುರುವಾಗಿದೆ, ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು. ಬರೆದುಕೊಂಡ ತಕ್ಷಣ ಡ್ಯೂಟಿ ಸಿಸ್ಟರ್‌ಗೆ ಹೇಳಿ, ಹೇಳಿದ ಸಮಯವನ್ನೂ ದಾಖಲಿಸಿ. ಹೀಗೆ ಮಧ್ಯೆ ಕೈ ಹಾಕಿದರೆ ಅಧ್ಯಯನ ಕೆಡುತ್ತದೆ ಅಂತ ಕೆಲವರು ಹೆದರುತ್ತಾರೆ. ಯಾವ ಹಂತದಲ್ಲಿ ಕೈ ಹಾಕುತ್ತೇನೆ ಅಂತ ಪ್ರೋಟೋಕಾಲ್‌ನಲ್ಲಿ ಮೊದಲೇ ಬರೆದಿದ್ದರೆ ಏನೂ ಕೆಡುವುದಿಲ್ಲ.

ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಟ್ರಯಲ್‌ಗಳ ಸಾರ್ವಜನಿಕ ಪಟ್ಟಿಯಲ್ಲಿ ರಿಜಿಸ್ಟರ್ ಮಾಡಿಸಿ. 2005ರಿಂದ ಪ್ರಮುಖ ವೈದ್ಯಕೀಯ ಜರ್ನಲ್‌ಗಳು ಇದನ್ನು ಕೇಳುತ್ತಿವೆ, ಆಮೇಲೆ ಮಾಡಿಸುತ್ತೇನೆ ಅಂದರೆ ನಡೆಯುವುದಿಲ್ಲ.

ವಾರ್ಡ್‌ನವರು ಜೊತೆಗಿರಬೇಕು

ನೀವು ನೋಡುತ್ತಿದ್ದೀರಿ ಅಂತ ಗೊತ್ತಾದರೆ ಎಲ್ಲರೂ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಾರೆ. ಇದಕ್ಕೆ ಹಾಥಾರ್ನ್ ಪರಿಣಾಮ ಅನ್ನುತ್ತಾರೆ. ಮೊದಲ ಒಂದೆರಡು ವಾರದ ಅಂಕಿಗಳನ್ನು ನಂಬಬೇಡಿ. ಅವನ್ನು ಅಭ್ಯಾಸದ ಅವಧಿ ಅಂತ ಮೊದಲೇ ತೀರ್ಮಾನಿಸಿ ಬಿಟ್ಟುಬಿಡಿ. ಕದ್ದು ನೋಡುವುದು ಪರಿಹಾರ ಅಲ್ಲ, ಒಂದು ಸಲ ಗೊತ್ತಾದರೆ ಆ ವಾರ್ಡ್‌ನಲ್ಲಿ ಮತ್ತೆ ಯಾರೂ ನಿಮ್ಮನ್ನು ನಂಬುವುದಿಲ್ಲ.

ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಅನುಮತಿ ಪತ್ರ ಹಿಡಿದು ಹೋಗುವ ಮೊದಲು ಸುಮ್ನೆ ಒಂದು ಸಲ ಹೋಗಿ ಕೂತು ಮಾತಾಡಿ. "ಈ ವಿಷಯದಲ್ಲಿ ನಿಮಗೆ ಏನು ತೊಂದರೆ?" ಅಂತ ಕೇಳಿ. ನನ್ನ ಒಂಬತ್ತು ಪ್ರಶ್ನೆಗಳಲ್ಲಿ ಎರಡು ಹೀಗೆ ಕೂತಾಗ ಸಿಕ್ಕಿದ್ದು. ನೈಟ್ ಡ್ಯೂಟಿಯವರನ್ನು ಮರೆಯಬೇಡಿ. ಹಗಲು ಮಾತ್ರ ಡೇಟಾ ತೆಗೆದರೆ ನಿಮ್ಮ ಥೀಸಿಸ್‌ನಲ್ಲಿ ವಾರ್ಡ್‌ನ ಅರ್ಧ ಜೀವನ ಇರುವುದಿಲ್ಲ.

ಗೈಡ್ ವಿಷಯ. ಒಬ್ಬರಿಗೇ ಎಲ್ಲ ಗೊತ್ತಿರಬೇಕು ಅಂತ ನಿರೀಕ್ಷಿಸಬೇಡಿ. ಕಾಲೇಜಿನ ಗೈಡ್ ಜೊತೆಗೆ, ಈಗಲೂ ರೋಗಿಗಳನ್ನು ನೋಡುತ್ತಿರುವ ಒಬ್ಬ ಹಿರಿಯ ನರ್ಸ್ ಸಹ-ಗೈಡ್ ಆಗಿದ್ದರೆ, ಪುಸ್ತಕದಲ್ಲಿ ಸರಿ ಕಾಣುವ ಆದರೆ ವಾರ್ಡ್‌ನಲ್ಲಿ ನಡೆಯದ ಯೋಜನೆಗಳು ಮೊದಲ ಮೀಟಿಂಗ್‌ನಲ್ಲೇ ಬಿದ್ದುಹೋಗುತ್ತವೆ.

ವಾರದ ಲೆಕ್ಕ

ದಿನಕ್ಕೆ ಒಂದು ಗಂಟೆ ಓದು ಅನ್ನುವ ಸಲಹೆ ಶಿಫ್ಟ್‌ನಲ್ಲಿ ಇರುವವರಿಗೆ ಆಗಿಬರುವುದಿಲ್ಲ. ನನಗೆ ಆದದ್ದು ಹೀಗೆ: ಕೆಲಸವನ್ನು ದಣಿವಿನ ಪ್ರಕಾರ ಹಂಚಿದೆ. ಶಿಫ್ಟ್ ಮುಗಿದ ತಕ್ಷಣ, ಮನೆಗೆ ಹೊರಡುವ ಮೊದಲು, 20 ನಿಮಿಷ ಡೇಟಾ ಎಂಟ್ರಿ ಮಾತ್ರ, ಅದೇ ದಿನದ್ದು ಅದೇ ದಿನ. ಓದು ಸಾಯಂಕಾಲದ ಶಿಫ್ಟ್ ಇರುವ ದಿನ ಬೆಳಗ್ಗೆ. ಬರೆಯುವುದು ವಾರದ ರಜೆಯ ಮೊದಲ ಮೂರು ಗಂಟೆ. ನೈಟ್ ಡ್ಯೂಟಿ ವಾರದಲ್ಲಿ ವಿಶ್ಲೇಷಣೆ ಮುಟ್ಟುತ್ತಲೇ ಇರಲಿಲ್ಲ, ನಿದ್ದೆಗೆಟ್ಟ ತಲೆಯಲ್ಲಿ ಒಂದು ಕಾಲಂ ಆಚೀಚೆ ಆದರೆ ಹುಡುಕಲು ಒಂದು ತಿಂಗಳು ಬೇಕು. ಎಥಿಕ್ಸ್ ಕಮಿಟಿ ಉತ್ತರಕ್ಕೆ ಕಾಯುವ ದಿನಗಳಲ್ಲಿ ಸಾಹಿತ್ಯ ಸಮೀಕ್ಷೆಯ ಅಧ್ಯಾಯ ಬರೆದುಬಿಡಿ.

ಕೊನೆಯದಾಗಿ, ಫಲಿತಾಂಶ ಬಂದಾಗ ಮೊದಲು ಓದಬೇಕಾದವರು ವಾರ್ಡ್‌ನವರು. ಜರ್ನಲ್‌ಗೆ ಕಳಿಸುವ ಮೊದಲು ಒಂದು ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಏನು ಸಿಕ್ಕಿತು ಅಂತ ಬರೆದು ಹ್ಯಾಂಡೋವರ್ ಹೊತ್ತಿಗೆ ಮೂರು ಶಿಫ್ಟ್‌ನವರಿಗೂ ತೋರಿಸಿ. ಹೊಸ ಕ್ರಮದಿಂದ ಏನೂ ವ್ಯತ್ಯಾಸ ಆಗಲಿಲ್ಲ ಅಂತ ಬಂದಿದ್ದರೂ ತೋರಿಸಿ. ಕ್ಯಾನುಲಾ ಅಧ್ಯಯನದಲ್ಲಿ ಸಿಕ್ಕಿದ್ದೂ ವ್ಯತ್ಯಾಸ ಇಲ್ಲ ಅನ್ನುವ ಉತ್ತರವೇ, ಅದರಿಂದ ಬೇಡದ ಚುಚ್ಚು ಎಷ್ಟೋ ತಪ್ಪಬಹುದು ಅಂತ ಗೊತ್ತಾಯಿತು. ಆ ಒಂದು ಪುಟ ನೋಡಿ ಸಿಸ್ಟರ್‌ಗಳು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ನಿಮ್ಮ ಚರ್ಚೆಯ ಅಧ್ಯಾಯದಲ್ಲಿ ಮೊದಲು ಉತ್ತರಿಸಬೇಕಾದದ್ದು ಅವಕ್ಕೇ.